ಬಂಟು ಭಾಷೆಯ ಟೋನ್ ಚಿತ್ರ ವೆಬ್ ಪುಟಕ್ಕೆ: ಯಾವ ದಾರಿ ಯಾರಿಗೆ?

ಆಫ್ರಿಕಾದ ಬಂಟು ಭಾಷಾ ಕುಟುಂಬಕ್ಕೆ ಸೇರಿದ, ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ಮೀನಿಗೆ ‘ಹೊವೆ’ ಎನ್ನುತ್ತಾರೆ. ಎರಡೂ ಅಕ್ಷರಗಳನ್ನು ದನಿ ಎತ್ತರಿಸಿ ಹೇಳಬೇಕು. ಶಬ್ದದ ಭಾಗವೇ ಆದ ದನಿಯ ಇಂಥ ಏರಿಳಿತಕ್ಕೆ ಟೋನ್ ಎನ್ನುತ್ತಾರೆ. ‘ಮೀನಿನ ಜೊತೆ’ ಎನ್ನಬೇಕಾದರೆ ಮುಂದೆ ‘ನೆ’ ಸೇರುತ್ತದೆ, ಅದೂ ಎತ್ತರದ ದನಿಯದೇ. ಆದರೆ ‘ನೆಹೊವೆ’ ಎಂದು ಕೂಡಿಸಿ ಹೇಳುವಾಗ ಎತ್ತರ ‘ನೆ’ಯ ಮೇಲೆ ಮಾತ್ರ ಉಳಿಯುತ್ತದೆ. ‘ಹೊ’, ‘ವೆ’ ಎರಡೂ ಒಮ್ಮೆಗೇ ಕೆಳಗಿಳಿಯುತ್ತವೆ. ಎರಡು ಎತ್ತರದ ದನಿಗಳು ಅಕ್ಕಪಕ್ಕ ಬರಬಾರದು ಎಂಬುದಷ್ಟೇ ನಿಯಮವಾಗಿದ್ದರೆ ‘ಹೊ’ ಒಂದು ಇಳಿದರೆ ಸಾಕಿತ್ತು. ‘ವೆ’ ಏಕೆ ಇಳಿಯಿತು?

ಭಾಷಾವಿಜ್ಞಾನಿ ಡೇವಿಡ್ ಓಡನ್ 1980ರಲ್ಲಿ ಶೋನಾದ ಈ ನಿಯಮವನ್ನು ವಿವರಿಸಿದರು. ‘ಹೊವೆ’ಯಲ್ಲಿ ಇರುವುದು ಎರಡು ಮೇಲ್ದನಿಗಳಲ್ಲ, ಎರಡು ಸ್ವರಗಳು ಹಂಚಿಕೊಂಡ ಒಂದೇ ಮೇಲ್ದನಿ. ಒಂದೇ ಗೂಟಕ್ಕೆ ಎರಡು ಹಗ್ಗ ಕಟ್ಟಿದ ಹಾಗೆ, ಗೂಟ ಕಿತ್ತರೆ ಎರಡೂ ಸಡಿಲ. ‘ಗುದ್ದಲಿ’ ಎಂಬ ಅರ್ಥದ ‘ಬದ್ಜ’ ಶಬ್ದದಲ್ಲಿ ಮೊದಲ ಅಕ್ಷರ ಕೆಳದನಿ, ಎರಡನೆಯದು ಮೇಲ್ದನಿ. ಅಲ್ಲಿ ‘ನೆ’ ಸೇರಿದರೂ ಏನೂ ಬದಲಾಗುವುದಿಲ್ಲ, ಏಕೆಂದರೆ ಎರಡು ಮೇಲ್ದನಿಗಳು ತಾಗುವುದೇ ಇಲ್ಲ. ಇಂಥ ನಿಯಮಗಳು ಬಂಟು ಭಾಷೆಗಳಲ್ಲಿ ಬೇಕಾದಷ್ಟಿವೆ. ಬೆಲ್ಜಿಯಂನ ವಿದ್ವಾಂಸರೊಬ್ಬರ ಹೆಸರಿನಲ್ಲಿ ಇವನ್ನು ಮೇಯುಸನ್ ನಿಯಮ ಎಂದು ಕರೆಯುವ ರೂಢಿ ಇದೆ.

ಇಷ್ಟನ್ನು ಹೇಳಲು ನನಗೆ ಎರಡು ಪ್ಯಾರಾ ಬೇಕಾಯಿತು. ಚಿತ್ರದಲ್ಲಾದರೆ ಒಂದು ನೋಟ ಸಾಕು. ಮೇಲಿನ ಸಾಲಿನಲ್ಲಿ ಟೋನ್‌ಗಳು, ಕೆಳಗಿನ ಸಾಲಿನಲ್ಲಿ ಅಕ್ಷರಗಳು, ನಡುವೆ ಜೋಡಣೆ ಗೆರೆಗಳು. ಭಾಷಾವಿಜ್ಞಾನಿ ಜಾನ್ ಗೋಲ್ಡ್‌ಸ್ಮಿತ್ 1976ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ರೂಪಿಸಿದ ಈ ಪದ್ಧತಿ ಇಂದಿಗೂ ಟೋನ್ ಬಗ್ಗೆ ಬರೆಯುವವರ ಮಾಮೂಲಿ ಸಾಧನ. ಕಾಗದದ ಮೇಲೆ ಬರೆಯುವುದು ಸುಲಭ. ವೆಬ್ ಪುಟಕ್ಕೆ ಬಂದಾಗ ಮಾತ್ರ ಇದು ಅತ್ತ ಅಕ್ಷರವೂ ಅಲ್ಲ, ಇತ್ತ ಬರೀ ಚಿತ್ರವೂ ಅಲ್ಲ ಎಂಬ ಇಕ್ಕಟ್ಟು ಎದುರಾಗುತ್ತದೆ.

ಬಂಟು ಭಾಷೆಗಳಲ್ಲೇ ಕೆಲಸ ಮಾಡುವ ಕನ್ನಡಿಗರು ಕಡಿಮೆ ಎಂದು ಬಲ್ಲೆ. ಆದರೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕುಳಿತು ಮಿಜೋ, ಮಣಿಪುರಿ, ಪಂಜಾಬಿಯ ಟೋನ್ ವಿವರಿಸುವವರಿಗೂ, ಆಫ್ರಿಕಾದ ಭಾಷಾ ಯೋಜನೆಗಳಿಗೆ ವೆಬ್‌ಸೈಟ್ ಕಟ್ಟಿಕೊಡುವ ಎಂಜಿನಿಯರುಗಳಿಗೂ ಪ್ರಶ್ನೆ ಒಂದೇ: ಚಿತ್ರವನ್ನು ಪಿಎನ್‌ಜಿ ಮಾಡಿ ಅಂಟಿಸುವುದೇ, ಅಕ್ಷರಗಳಲ್ಲೇ ಗೀಚುವುದೇ, ಗೆರೆಗಳನ್ನು ಪಠ್ಯವಾಗಿ ಬರೆದಿಡುವ ಎಸ್‌ವಿಜಿ ಕಲಿಯುವುದೇ, ಪುಸ್ತಕ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನಿಂದ ತೆಗೆಯುವುದೇ?

ಮೊದಲು ಅಳತೆಗೋಲು

ಆಯ್ಕೆಗಳನ್ನು ನೋಡುವ ಮೊದಲು ನಿಮ್ಮ ಚಿತ್ರ ಏನೇನು ಹೊರಬೇಕು ಎಂದು ಪಟ್ಟಿ ಮಾಡಿಕೊಳ್ಳಿ. ಟೋನ್ ಚಿತ್ರದಲ್ಲಿ ಪ್ರತಿ ಗೆರೆಗೂ ಅರ್ಥವಿದೆ. ಅಖಂಡ ಗೆರೆ ಎಂದರೆ ಈಗಾಗಲೇ ಇರುವ ಜೋಡಣೆ. ತುಂಡು ತುಂಡಾದ ಗೆರೆ ಎಂದರೆ ನಿಯಮದಿಂದ ಹೊಸದಾಗಿ ಹುಟ್ಟುವ ಜೋಡಣೆ. ಗೆರೆಯ ಮೇಲೆ ಅಡ್ಡಲಾಗಿ ಎರಡು ಚಿಕ್ಕ ಗೀಟು ಎಂದರೆ ಆ ಜೋಡಣೆ ಕಡಿದುಹೋಯಿತು. ಸುತ್ತ ವೃತ್ತ ಹಾಕಿದ ಟೋನ್ ಯಾವ ಅಕ್ಷರಕ್ಕೂ ಅಂಟದೆ ತೇಲುತ್ತಿದೆ. ಗೆರೆಗಳು ಒಂದನ್ನೊಂದು ದಾಟುವಂತಿಲ್ಲ, ಅದು ಗೋಲ್ಡ್‌ಸ್ಮಿತ್ ಪದ್ಧತಿಯ ಮೂಲ ಕಟ್ಟಳೆ. ಈ ನಾಲ್ಕೈದು ಗುರುತುಗಳಲ್ಲಿ ಒಂದನ್ನು ತೋರಿಸಲಾಗದ ವಿಧಾನ ಎಷ್ಟೇ ಸುಲಭವಾಗಿದ್ದರೂ ಆ ಮಟ್ಟಿಗೆ ಕುಂಟುತ್ತದೆ.

ಎರಡನೆಯದು ಮೊಬೈಲ್ ಪರದೆ. ಬಂಟು ಕ್ರಿಯಾಪದಗಳು ನಮ್ಮ ‘ಮಾಡಿಸಿಕೊಳ್ಳಲಾರದವರಿಗೆ’ಯಂತೆ ಪ್ರತ್ಯಯದ ಮೇಲೆ ಪ್ರತ್ಯಯ ಸೇರಿ ಉದ್ದವಾಗುತ್ತವೆ. ತಾಂಜಾನಿಯಾದ ಜಿಗುಲಾ ಭಾಷೆಯಲ್ಲಿ ಕೇಳಿಕೊಳ್ಳುವುದಕ್ಕೆ ‘ಕುಲೊಂಬೆಜ’, ಒಬ್ಬರಿಗೊಬ್ಬರು ಪರವಾಗಿ ಕೇಳಿಕೊಳ್ಳುವುದಕ್ಕೆ ‘ಕುಲೊಂಬೆಜೆಜನ’. ಧಾತುವಿಗೆ ಸೇರಿದ ಮೇಲ್ದನಿ ಧಾತುವಿನ ಮೊದಲ ಅಕ್ಷರದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಶಬ್ದ ಎಷ್ಟು ಬೆಳೆದರೂ ಅದು ಕೊನೆಯಿಂದ ಎರಡನೆಯ ಅಕ್ಷರಕ್ಕೆ ಜರುಗಿ ಕೂರುತ್ತದೆ. ಇದನ್ನು ಚಿತ್ರಿಸಿದರೆ ಎರಡನೆಯ ಅಕ್ಷರದ ಮೇಲಿಂದ ಐದನೆಯದರವರೆಗೆ ಉದ್ದನೆಯ ತುಂಡುಗೆರೆ ಹಾಯಬೇಕು. ಅಂಗೈ ಅಗಲದ ಪರದೆಯಲ್ಲಿ ಅದು ಓದುವಂತಿರಬೇಕು.

ಮೂರನೆಯದು ಹುಡುಕಾಟ ಮತ್ತು ನಕಲು: ಓದುಗ ಆ ಶಬ್ದವನ್ನು ಹುಡುಕಿದರೆ ಸಿಗಬೇಕೇ? ನಾಲ್ಕನೆಯದು ಕಣ್ಣು ಕಾಣದವರ ಓದು. ಐದನೆಯದು ತಿದ್ದುವ ಸುಲಭ. ಭಾಷಾವಿಜ್ಞಾನಿಗಳು ವಿಶ್ಲೇಷಣೆ ಬದಲಿಸುತ್ತಲೇ ಇರುತ್ತಾರೆ, ಇಂದು ಒಂದು ಮೇಲ್ದನಿ ಎಂದವರು ಬರುವ ವರ್ಷ ಎರಡು ಎನ್ನಬಹುದು. ಆಗ ಐವತ್ತು ಚಿತ್ರಗಳನ್ನು ತಿದ್ದುವವರು ಯಾರು? ಆರನೆಯದು ಬಾಳಿಕೆ. ಯೂನಿಕೋಡ್ ಪೂರ್ವದ ಕನ್ನಡ ಫಾಂಟುಗಳಲ್ಲಿ ಟೈಪಿಸಿದ ಕಡತ ಇಂದು ತೆರೆದರೆ ಏನಾಗುತ್ತದೆ ಎಂದು ನಮಗೆ ಹೇಳಿಕೊಡಬೇಕಾಗಿಲ್ಲ. ಧ್ವನಿಲಿಪಿಯ ಹಳೆಯ ಫಾಂಟುಗಳನ್ನು ನಂಬಿದ ಪುಟಗಳೂ ಹಾಗೆಯೇ ಚಿತ್ರವಿಚಿತ್ರ ಚಿಹ್ನೆಗಳ ರಾಶಿಯಾದವು. ಫ್ಲ್ಯಾಷ್‌ನಲ್ಲಿ ಮಾಡಿದ ಪಾಠಗಳು 2020ರ ಕೊನೆಗೆ ಬೆಂಬಲ ನಿಂತಾಗ ಬ್ರೌಸರಿನಿಂದ ಮಾಯವಾದವು.

ಇಲ್ಲಿ ಬಜೆಟ್ ಎಂದರೆ ಬಹುಪಾಲು ಸಮಯ. ಕೆಳಗೆ ಹೇಳುವ ಸಾಧನಗಳು ಬಹುಮಟ್ಟಿಗೆ ಉಚಿತ. ಹಣ ಖರ್ಚಾಗುವುದು ಓದುಗರ ಕಡೆಯಲ್ಲಿ, ಅವರ ಮೊಬೈಲ್ ಡೇಟಾದಲ್ಲಿ.

ಗೆರೆಯೇ ಬೇಡ ಎನ್ನುವ ದಾರಿ

ಎಲ್ಲಕ್ಕಿಂತ ಅಗ್ಗದ ದಾರಿಯನ್ನು ಜನ ಮೊದಲು ಯೋಚಿಸುವುದೇ ಇಲ್ಲ. ಸ್ವರದ ಮೇಲೆ ಬಲಕ್ಕೆ ಏರುವ ಗೀಟು ಮೇಲ್ದನಿಗೆ, ಬಲಕ್ಕೆ ಇಳಿಯುವ ಗೀಟು ಕೆಳದನಿಗೆ. ಬಹಳ ಬಂಟು ವ್ಯಾಕರಣಗಳು ಕೆಳದನಿಯನ್ನು ಗುರುತಿಲ್ಲದೆ ಹಾಗೇ ಬಿಡುತ್ತವೆ. ಈ ಗುರುತುಗಳನ್ನು ಹಾಕಿ ಒಂದು ಎಚ್‌ಟಿಎಂಎಲ್ ಕೋಷ್ಟಕ ಮಾಡಿ: ಮೊದಲ ಸಾಲಿನಲ್ಲಿ ಮೂಲ ರೂಪ, ನಂತರ ಒಂದೊಂದು ನಿಯಮ ಅನ್ವಯಿಸಿದ ರೂಪ, ಕೊನೆಯಲ್ಲಿ ಕೇಳಿಸುವ ರೂಪ. ಮಲಾವಿಯ ಚಿಚೇವಾದಲ್ಲಿ ‘ಮ್ತೆಂಗೊ’ ಎಂದರೆ ಮರ, ನಡುವಿನ ಸ್ವರಕ್ಕೆ ಮೇಲ್ದನಿ ಕೊಟ್ಟರೆ ಬೆಲೆ. ಇಷ್ಟನ್ನು ಹೇಳಲು ಜೋಡಣೆ ಗೆರೆಯ ಅಗತ್ಯವೇ ಇಲ್ಲ, ಒಂದು ಗೀಟು ಸಾಕು.

ಹುಡುಕಾಟ, ನಕಲು, ತಿದ್ದುಪಡಿ, ತೂಕ, ಬಾಳಿಕೆ ಎಲ್ಲದರಲ್ಲೂ ಈ ವಿಧಾನಕ್ಕೆ ಪೂರ್ಣ ಅಂಕ. ತಲೆಸಾಲನ್ನು ಸರಿಯಾಗಿ ಗುರುತಿಸಿದ ಕೋಷ್ಟಕವನ್ನು ಪರದೆ ಓದುವ ತಂತ್ರಾಂಶಗಳೂ ಚೆನ್ನಾಗಿ ಓದುತ್ತವೆ.

ತೊಡಕು ಎರಡು ಕಡೆ. ಒಂದು, ಫಾಂಟು. ವೇದಪಾಠದ ಕನ್ನಡ ಪುಸ್ತಕಗಳಲ್ಲಿ ಅಕ್ಷರದ ಕೆಳಗಿನ ಅಡ್ಡಗೆರೆ, ಮೇಲಿನ ನಿಲುಗೆರೆಗಳನ್ನು ಡಿಜಿಟಲ್ ಮಾಡಲು ಹೊರಟವರಿಗೆ ಗೊತ್ತು: ಯೂನಿಕೋಡಿನಲ್ಲಿ ಗುರುತು ಇದ್ದ ಮಾತ್ರಕ್ಕೆ ಪ್ರತಿ ಫಾಂಟಿನಲ್ಲೂ ಅದು ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ರೋಮನ್ ಲಿಪಿಯ ಸ್ವರಗಳಿಗೆ ಗೀಟು ಸಮೇತ ಸಿದ್ಧ ಸಂಕೇತಗಳಿವೆ, ಅಕ್ಷರವೊಂದು ಗೀಟೊಂದು ಎಂದು ಬಿಡಿಸಿ ಬರೆಯಲೂ ಬರುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದು ಬಗೆಯಲ್ಲಿ ಟೈಪಿಸಿದ ಶಬ್ದ ಇನ್ನೊಂದು ಬಗೆಯಲ್ಲಿ ಹುಡುಕಿದರೆ ನಿಮ್ಮ ನಿಘಂಟಿನ ಹುಡುಕು ಪೆಟ್ಟಿಗೆಗೆ ಸಿಗದೇ ಹೋಗಬಹುದು. ಪುಟಕ್ಕೆ ಹಾಕುವ ಮೊದಲು ಎಲ್ಲವನ್ನೂ ಯೂನಿಕೋಡಿನ ಒಂದೇ ಏಕರೂಪಕ್ಕೆ ತನ್ನಿ. ಶಬ್ದದ ಮೊದಲಲ್ಲಿ ಬರುವ ಅನುನಾಸಿಕಗಳಿಗೂ ಟೋನ್ ಇರುವ ಭಾಷೆಗಳಲ್ಲಿ ಮಕಾರ, ನಕಾರಗಳ ಮೇಲ್ದನಿ ಗೀಟಿಗೆ ಸಿದ್ಧ ಸಂಕೇತ ಸಿಗುತ್ತದೆ, ಙಕಾರದ ಸಂಕೇತಕ್ಕೆ ಸಿಗುವುದಿಲ್ಲ. ಅಲ್ಲಿ ಬಿಡಿ ಗೀಟೇ ಗತಿ. ಚಾರಿಸ್, ಡೌಲೋಸ್, ಜೆಂಟಿಯಂ ಎಂಬ ಮುಕ್ತ ಫಾಂಟುಗಳು ಇದನ್ನೆಲ್ಲ ಸರಿಯಾಗಿ ತೋರಿಸುತ್ತವೆ. ಪೂರ್ತಿ ಫಾಂಟನ್ನು ಓದುಗರ ಮೇಲೆ ಹೇರದೆ ನಿಮಗೆ ಬೇಕಾದ ಅಕ್ಷರಗಳನ್ನಷ್ಟೇ ಕತ್ತರಿಸಿ ಕೊಡಿ. ಆದರೆ ಗೀಟುಗಳ ಸ್ಥಾನ ಹೇಳುವ ಫಾಂಟಿನ ಒಳಕೋಷ್ಟಕಗಳು ಆ ಕತ್ತರಿಗೆ ಸಿಗದಂತೆ ನೋಡಿಕೊಳ್ಳಿ.

ಇನ್ನೊಂದು ತೊಡಕಿಗೆ ಪರಿಹಾರವಿಲ್ಲ. ‘ಹೊವೆ’ಯ ಎರಡು ಸ್ವರಗಳ ಮೇಲೆ ಎರಡು ಗೀಟು ಹಾಕಿದಿರಿ. ಅದು ಒಂದು ಮೇಲ್ದನಿಯೋ ಎರಡೋ ಎಂದು ಓದುಗನಿಗೆ ತಿಳಿಯುವುದು ಹೇಗೆ? ಇಡೀ ವಾದ ನಿಂತಿರುವುದೇ ಆ ಲೆಕ್ಕದ ಮೇಲೆ. ಆದ್ದರಿಂದ ನಾನು ಪ್ರತಿ ಚಿತ್ರಕ್ಕೂ ಕೇಳುವ ಮೊದಲ ಪ್ರಶ್ನೆ ಇದು: ಗೆರೆ ತೆಗೆದರೆ ನಿಮ್ಮ ವಾದ ಬೀಳುತ್ತದೆಯೇ? ಬೀಳದಿದ್ದರೆ ಕೋಷ್ಟಕದಲ್ಲೇ ನಿಲ್ಲಿ. ವ್ಯಾಕರಣದ ಪುಟಗಳಲ್ಲಿ ಕಾಣುವ ಟೋನ್ ಚಿತ್ರಗಳಲ್ಲಿ ಅರ್ಧಕ್ಕರ್ಧ ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ ಎಂಬುದು ನನ್ನ ಅನಿಸಿಕೆ. ಅವು ಅಲಂಕಾರ.

ಅಕ್ಷರಗಳಲ್ಲೇ ಗೀಚುವುದು

ಓರೆಗೆರೆ, ನಿಲುಗೆರೆಗಳ ಕೀಲಿಗಳನ್ನು ಒತ್ತಿ, ಸಮಾನ ಅಗಲದ ಫಾಂಟಿನಲ್ಲಿ ಚಿತ್ರ ಕಟ್ಟುವ ಹಳೆಯ ಚಾಳಿ ಇನ್ನೂ ಹೋಗಿಲ್ಲ. ಇಮೇಲಿನಲ್ಲಿ ಸಹೋದ್ಯೋಗಿಗೆ ಒಂದು ನಿಯಮ ತಿಳಿಸಲು ಇದಕ್ಕಿಂತ ಬೇಗನೆಯ ದಾರಿ ಇಲ್ಲ. ವೆಬ್ ಪುಟಕ್ಕೆ ಮಾತ್ರ ಬೇಡ ಎನ್ನುತ್ತೇನೆ.

ಗೀಟು ಹೊತ್ತ ಯಾವುದೋ ಒಂದು ಅಕ್ಷರ ಆ ಫಾಂಟಿನಲ್ಲಿ ಇಲ್ಲದಿದ್ದರೆ ಬ್ರೌಸರ್ ಸದ್ದಿಲ್ಲದೆ ಬೇರೆ ಫಾಂಟಿನಿಂದ ಎರವಲು ತರುತ್ತದೆ. ಅದರ ಅಗಲ ಬೇರೆ. ಅಲ್ಲಿಂದ ಬಲಕ್ಕೆ ಇರುವ ಗೆರೆಗಳೆಲ್ಲ ಅರ್ಧ ಅಕ್ಷರದಷ್ಟು ಜರುಗಿ ಪಕ್ಕದ ವ್ಯಂಜನದ ಮೇಲೆ ನಿಲ್ಲುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುವುದರಿಂದ ನಿಮಗೆ ಅದು ಗೊತ್ತೇ ಆಗುವುದಿಲ್ಲ. ಮೊಬೈಲಿನಲ್ಲಿ ಸಾಲು ಮುರಿದರಂತೂ ಗೆರೆ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಪರದೆ ಓದುವ ತಂತ್ರಾಂಶ ‘ಸ್ಲ್ಯಾಷ್, ಬ್ಯಾಕ್‌ಸ್ಲ್ಯಾಷ್, ಬಾರ್’ ಎಂದು ಒದರುತ್ತಾ ಹೋಗುತ್ತದೆ. ವಿವರಣೆಯ ಪುಟ ಕನ್ನಡದಲ್ಲಿದ್ದರೆ ಪ್ರಯತ್ನಿಸುವುದೇ ವ್ಯರ್ಥ, ನಮ್ಮ ಅಕ್ಷರಗಳಿಗೆ ಸಮಾನ ಅಗಲ ಎಂಬುದೇ ಇಲ್ಲ. ಈ ಲೇಖನದಲ್ಲಿ ನಾನು ಚಿತ್ರಗಳನ್ನು ಮಾತಿನಲ್ಲೇ ಹೇಳುತ್ತಿರುವುದಕ್ಕೆ ಅದೂ ಒಂದು ಕಾರಣ.

ಪಿಎನ್‌ಜಿ ಚಿತ್ರ

ವರ್ಡ್‌ನಲ್ಲೋ ಪ್ರಸ್ತುತಿಯ ತಂತ್ರಾಂಶದಲ್ಲೋ ಗೆರೆ ಎಳೆದು, ಚಿತ್ರವಾಗಿ ಉಳಿಸಿ, ಪುಟಕ್ಕೆ ಏರಿಸುವುದು. ಎಲ್ಲ ಕಡೆ ನಡೆಯುತ್ತದೆ, ಎಲ್ಲ ಬ್ಲಾಗುಗಳೂ ಒಪ್ಪುತ್ತವೆ, ಬರೆದವರು ಕಂಡ ಹಾಗೆಯೇ ಓದುಗರೂ ಕಾಣುತ್ತಾರೆ. ಐದಾರು ಚಿತ್ರಗಳಷ್ಟೇ ಇರುವ, ಮತ್ತೆ ತಿದ್ದುವ ಸಂಭವವಿಲ್ಲದ ಒಂದೇ ಲೇಖನಕ್ಕೆ ಇದು ಸಾಕು, ನಾಚಿಕೊಳ್ಳಬೇಕಾಗಿಲ್ಲ.

ಮಾಡುವುದಾದರೆ ಸರಿಯಾಗಿ ಮಾಡಿ. ಜೆಪೆಗ್ ಬೇಡ. ಛಾಯಾಚಿತ್ರಕ್ಕೆಂದು ಹುಟ್ಟಿದ ಅದು ತೆಳು ಗೆರೆಗಳ ಸುತ್ತ ಕೊಳೆ ಎಬ್ಬಿಸುತ್ತದೆ, ಸಣ್ಣ ಟೋನ್ ಗೀಟು ಆ ಕೊಳೆಯಲ್ಲಿ ಕಲೆಯೋ ಗೀಟೋ ತಿಳಿಯುವುದಿಲ್ಲ. ಪುಟದಲ್ಲಿ ಕಾಣಬೇಕಾದ ಅಳತೆಯ ಎರಡರಷ್ಟು ದೊಡ್ಡದಾಗಿ ಉಳಿಸಿ, ಇಲ್ಲವಾದರೆ ಈಗಿನ ಮೊಬೈಲ್ ಪರದೆಗಳಲ್ಲಿ ಮಸುಕಾಗುತ್ತದೆ. ಹಿನ್ನೆಲೆ ಬಿಳಿಯಾಗಿರಲಿ, ಪಾರದರ್ಶಕ ಬೇಡ. ಕಪ್ಪು ಗೆರೆಯ ಪಾರದರ್ಶಕ ಚಿತ್ರ ರಾತ್ರಿ ಬಣ್ಣದ ಪುಟದಲ್ಲಿ ಪೂರ್ತಿ ಕಾಣೆಯಾಗುತ್ತದೆ. ಚಿತ್ರದ ಮೂಲ ಕಡತವನ್ನು ಅದರ ಹೆಸರಿನಲ್ಲೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಎಷ್ಟೋ ಯೋಜನೆಗಳಲ್ಲಿ ಪಿಎನ್‌ಜಿ ಉಳಿದು ಮೂಲ ಕಳೆದುಹೋಗಿ, ಒಂದು ಗೆರೆ ತಿದ್ದಲು ಚಿತ್ರವನ್ನೇ ಮೊದಲಿನಿಂದ ಬರೆಯಬೇಕಾಗುತ್ತದೆ.

ಹುಡುಕಾಟ ಇಲ್ಲ, ನಕಲು ಇಲ್ಲ, ಹಿಗ್ಗಿಸಿದರೆ ಒಡೆಯುತ್ತದೆ. ಒಂದೊಂದಕ್ಕೆ ಹತ್ತಾರು ಕಿಲೋಬೈಟ್ ತೂಕ. ಐದಕ್ಕೆ ಪರವಾಗಿಲ್ಲ, ಐವತ್ತಕ್ಕೆ ಭಾರ.

ಎಸ್‌ವಿಜಿ

ನನ್ನ ಒಲವು ಇತ್ತ. ಎಸ್‌ವಿಜಿ ಎಂದರೆ ಚಿತ್ರವನ್ನು ಚುಕ್ಕೆಗಳಾಗಿ ಅಲ್ಲದೆ ‘ಇಲ್ಲಿಂದ ಇಲ್ಲಿಗೆ ಗೆರೆ, ಇಲ್ಲಿ ಈ ಅಕ್ಷರ’ ಎಂದು ಪಠ್ಯದಲ್ಲಿ ಬರೆದಿಡುವ ವಿಧಾನ. 2001ರಿಂದ ವೆಬ್ ಮಾನಕ. 2011ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಒಂಬತ್ತನೆಯ ಆವೃತ್ತಿ ಒಪ್ಪಿಕೊಂಡ ಮೇಲೆ ಪ್ರಮುಖ ಬ್ರೌಸರುಗಳಲ್ಲೆಲ್ಲ ನಡೆಯುತ್ತಿದೆ.

‘ನೆಹೊವೆ’ಯನ್ನೇ ಬರೆದು ನೋಡೋಣ. ಅಗಲ 300, ಎತ್ತರ 120 ಎಂಬ ಕಾಲ್ಪನಿಕ ಹಾಳೆ. ಕೆಳಗಿನ ಸಾಲಿನಲ್ಲಿ ‘ನೆ’, ‘ಹೊ’, ‘ವೆ’ ಅಕ್ಷರಗಳ ನಡುಬಿಂದುಗಳು ಎಡದಿಂದ 50, 150, 250ರಲ್ಲಿ. ಮೇಲಿನ ಸಾಲಿನಲ್ಲಿ ಎರಡು ಮೇಲ್ದನಿಗಳು: ಒಂದು 50ರಲ್ಲಿ, ‘ನೆ’ಯ ನೇರಕ್ಕೆ, ಇನ್ನೊಂದು 200ರಲ್ಲಿ, ‘ಹೊ’ ಮತ್ತು ‘ವೆ’ಗಳ ಸರಿಯಾದ ಮಧ್ಯಕ್ಕೆ. ಮೊದಲನೆಯದರಿಂದ ನೇರ ಕೆಳಕ್ಕೆ ಒಂದು ಗೆರೆ. ಎರಡನೆಯದರಿಂದ 150ಕ್ಕೂ 250ಕ್ಕೂ ಎರಡು ಓರೆಗೆರೆಗಳು. ಮುಗಿಯಿತು. ಪಠ್ಯದ ನಡುಬಿಂದುವನ್ನು ಆ ಜಾಗಕ್ಕೆ ಕಟ್ಟಿಹಾಕುವ ಗುಣ ಎಸ್‌ವಿಜಿಯಲ್ಲೇ ಇದೆ. ಆದ್ದರಿಂದ ಓದುಗರ ಕಡೆ ಯಾವ ಫಾಂಟು ಬಂದರೂ ಗೆರೆ ಸರಿಯಾದ ಅಕ್ಷರದ ಮೇಲೆಯೇ ಇಳಿಯುತ್ತದೆ. ತುಂಡುಗೆರೆ ಬೇಕೇ? ಆರು ಗೆರೆ, ನಾಲ್ಕು ಖಾಲಿ ಎಂದು ಒಂದು ಗುಣ ಸೇರಿಸಿದರೆ ಆಯಿತು. ಕಡಿತದ ಗುರುತು ಎರಡು ಚಿಕ್ಕ ಗೆರೆ, ತೇಲುವ ಟೋನ್ ಒಂದು ವೃತ್ತ. ಇಷ್ಟೂ ಸೇರಿ ಒಂದೆರಡು ಕಿಲೋಬೈಟ್ ಮೀರುವುದಿಲ್ಲ.

ಸೂಕ್ಷ್ಮ ಇರುವುದು ಇದನ್ನು ಪುಟದೊಳಗೆ ಸೇರಿಸುವ ಬಗೆಯಲ್ಲಿ, ಬಹಳ ಜನ ಎಡವುವುದೂ ಅಲ್ಲೇ. ಎಸ್‌ವಿಜಿಯನ್ನು ಬೇರೆ ಕಡತವಾಗಿಟ್ಟು ಚಿತ್ರದ ಟ್ಯಾಗಿನಿಂದ ಕರೆದರೆ ಬ್ರೌಸರ್ ಅದನ್ನು ಮುಚ್ಚಿದ ಪೆಟ್ಟಿಗೆಯಾಗಿ ನೋಡುತ್ತದೆ. ಪುಟಕ್ಕೆ ನೀವು ತಂದ ಫಾಂಟು ಅದರೊಳಗೆ ಹೋಗುವುದಿಲ್ಲ, ಒಳಗಿನ ಅಕ್ಷರಗಳನ್ನು ಓದುಗ ಆಯ್ದುಕೊಳ್ಳಲಾಗುವುದಿಲ್ಲ, ಪುಟದ ಅಕ್ಷರಬಣ್ಣವೂ ಅದಕ್ಕೆ ಗೊತ್ತಾಗುವುದಿಲ್ಲ. ಎಸ್‌ವಿಜಿಯನ್ನು ಎಚ್‌ಟಿಎಂಎಲ್‌ನ ಒಳಗೇ ಬರೆದರೆ ಈ ಮೂರೂ ಸರಿಹೋಗುತ್ತವೆ. ಗೆರೆಗಳಿಗೆ ‘ಸುತ್ತಲಿನ ಅಕ್ಷರದ ಬಣ್ಣವೇ ನಿನ್ನದೂ’ ಎಂದು ಹೇಳಿಬಿಟ್ಟರೆ ರಾತ್ರಿ ಬಣ್ಣದ ತಾಪತ್ರಯವೂ ಮುಗಿಯುತ್ತದೆ. ಕೆಲವರು ಅಕ್ಷರಗಳನ್ನೆಲ್ಲ ರೇಖಾಕೃತಿಗಳಾಗಿ ಮಾರ್ಪಡಿಸಿ ಫಾಂಟಿನ ಗೊಡವೆಯನ್ನೇ ತಪ್ಪಿಸುತ್ತಾರೆ. ನೋಟ ಎಲ್ಲ ಕಡೆ ಒಂದೇ ಆಗುತ್ತದೆ ನಿಜ, ಆದರೆ ಹುಡುಕಾಟ ಹೋಗುತ್ತದೆ. ನಾನಾದರೆ ಅಕ್ಷರಗಳನ್ನು ಅಕ್ಷರಗಳಾಗಿಯೇ ಬಿಡುತ್ತೇನೆ.

ಹಾಗೆಂದು ಹುಡುಕಾಟ ಪೂರ್ತಿ ಸಿಕ್ಕಿತು ಎಂದುಕೊಳ್ಳಬೇಡಿ. ಅಕ್ಷರ ಅಕ್ಷರವಾಗಿ ಜೋಡಿಸಿದ ಶಬ್ದ ನಕಲು ಮಾಡಿದಾಗ ಬಿಡಿಬಿಡಿಯಾಗಿ ಬರುತ್ತದೆ. ಚಿತ್ರದ ಕೆಳಗಿನ ಅಡಿಬರಹದಲ್ಲಿ ಇಡೀ ಶಬ್ದವನ್ನೂ ಅರ್ಥವನ್ನೂ ಒಮ್ಮೆ ಬರೆಯುವುದು ಇದಕ್ಕೆ ಮದ್ದು.

ಮೊಬೈಲಿನ ಪ್ರಶ್ನೆ ಉದ್ದನೆಯ ಶಬ್ದಗಳಲ್ಲಿ ಕಾಡುತ್ತದೆ. ‘ಕುಲೊಂಬೆಜೆಜನ’ದ ಆರು ಅಕ್ಷರಗಳಿಗೆ 600 ಅಗಲದ ಹಾಳೆ ಮಾಡಿ, ಅಕ್ಷರದ ಗಾತ್ರ 20 ಇಟ್ಟಿರಿ ಎನ್ನಿ. 320 ಪಿಕ್ಸೆಲ್ ಅಗಲದ ಪರದೆಗೆ ಅದು ಕುಗ್ಗಿದಾಗ ಅಕ್ಷರ 11 ಪಿಕ್ಸೆಲಿಗೂ ಕಡಿಮೆ, ಅದರ ಮೇಲಿನ ಗೀಟು ಇದೆಯೋ ಇಲ್ಲವೋ ಅನ್ನುವಷ್ಟು. ಅಕ್ಷರಗಳ ನಡುವಿನ ಅಂತರವನ್ನು 100ರಿಂದ 60ಕ್ಕೆ ಇಳಿಸಿದರೆ ಹಾಳೆ 360ಕ್ಕೆ ನಿಲ್ಲುತ್ತದೆ, ಅಕ್ಷರ 18ರ ಹತ್ತಿರ ಉಳಿಯುತ್ತದೆ. ಪುಸ್ತಕದ ಚಿತ್ರಗಳನ್ನು ನೋಡಿ ಬೆಳೆದ ಕಣ್ಣಿಗೆ ಅದು ಇಕ್ಕಟ್ಟಾಗಿ ಕಾಣುತ್ತದೆ, ಆದರೆ ಓದಬಹುದು. ಇನ್ನೂ ಉದ್ದದ ಶಬ್ದವಾದರೆ ಚಿತ್ರಕ್ಕೆ ಕನಿಷ್ಠ ಅಗಲ ಗೊತ್ತುಮಾಡಿ, ಅದಷ್ಟೇ ಅಡ್ಡಕ್ಕೆ ಸರಿಯುವಂತೆ ಮಾಡಿ. ಇಡೀ ಪುಟ ಸರಿಯಬಾರದು.

ಕೈಯಲ್ಲಿ ಬರೆಯಲು ಇಂಕ್‌ಸ್ಕೇಪ್ ಇದೆ, ಉಚಿತ. ಆದರೆ ಅದು ಉಳಿಸುವ ಕಡತದಲ್ಲಿ ನಿಮಗೆ ಬೇಡದ ಸರಕು ತುಂಬ ಇರುತ್ತದೆ. ‘ಸರಳ ಎಸ್‌ವಿಜಿ’ಯಾಗಿ ಉಳಿಸಿ. ಚಿತ್ರಗಳು ಇಪ್ಪತ್ತು ದಾಟುತ್ತವೆ ಎಂದಾದರೆ ಕೈಬರಹ ಬಿಟ್ಟು ಚಿಕ್ಕದೊಂದು ಪೈಥಾನ್ ಪ್ರೋಗ್ರಾಂ ಬರೆಯಿಸಿಕೊಳ್ಳುವುದು ಲಾಭ. ಒಂದೊಂದು ಚಿತ್ರಕ್ಕೆ ಒಂದೊಂದು ಸಾಲು: ಅಕ್ಷರಗಳು ಯಾವುವು, ಯಾವ ಟೋನ್ ಎಷ್ಟನೆಯ ಅಕ್ಷರಗಳಿಗೆ ಅಂಟಿದೆ, ಯಾವ ಗೆರೆ ಹೊಸದು, ಯಾವುದು ಕಡಿದದ್ದು. ‘ನೆಹೊವೆ’ಗೆ ಆ ಸಾಲು ಹೇಳುವುದು ಇಷ್ಟೇ: ಮೊದಲ ಮೇಲ್ದನಿ ಒಂದನೆಯದಕ್ಕೆ, ಎರಡನೆಯದು ಎರಡು ಮೂರಕ್ಕೆ. ವಿಶ್ಲೇಷಣೆ ಬದಲಾದರೆ ಸಾಲು ತಿದ್ದಿ ಮತ್ತೆ ಓಡಿಸಿದರೆ ಸಾಕು. ಇನ್ನೊಂದು ಲಾಭ ನನಗೆ ಹೆಚ್ಚು ಮುಖ್ಯ. ಎಡಗಡೆಯ ಟೋನ್ ಬಲಗಡೆಯ ಟೋನ್‌ಗಿಂತ ಮುಂದಿನ ಅಕ್ಷರಕ್ಕೆ ಅಂಟಿದೆಯೇ ಎಂದು ಪ್ರೋಗ್ರಾಂ ನೋಡಬಲ್ಲದು. ಹಾಗಿದ್ದರೆ ಗೆರೆಗಳು ದಾಟಿವೆ ಎಂದರ್ಥ. ಚಿತ್ರ ಬರೆಯುವ ಸಾಧನವೇ ವ್ಯಾಕರಣದ ತಪ್ಪನ್ನೂ ಹಿಡಿದುಕೊಡುತ್ತದೆ.

ಎಲ್ಲಿ ನಡೆಯುವುದಿಲ್ಲ? ವರ್ಡ್‌ಪ್ರೆಸ್ ತನ್ನಷ್ಟಕ್ಕೆ ಎಸ್‌ವಿಜಿ ಕಡತಗಳನ್ನು ಏರಿಸಲು ಬಿಡುವುದಿಲ್ಲ, ಅವುಗಳೊಳಗೆ ಕಾರ್ಯಗತವಾಗುವ ಕೋಡ್ ಅಡಗಿರಬಹುದು ಎಂಬ ಭಯಕ್ಕೆ. ವಿಕಿಪೀಡಿಯ ಎಸ್‌ವಿಜಿ ಕಡತ ತೆಗೆದುಕೊಂಡು ಓದುಗರಿಗೆ ಅದರ ಪಿಎನ್‌ಜಿ ರೂಪ ತೋರಿಸುತ್ತದೆ, ಅಲ್ಲಿ ಅದರ ಸರ್ವರಿನಲ್ಲಿರುವ ಫಾಂಟುಗಳೇ ಗತಿ. ನಿಮ್ಮ ಪುಟದ ಎಚ್‌ಟಿಎಂಎಲ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಎಸ್‌ವಿಜಿಯ ಅರ್ಧ ಸುಖ ಕೈತಪ್ಪುತ್ತದೆ.

ಲೇಟೆಕ್‌ನಿಂದ ತೆಗೆಯುವುದು

ನಿಮ್ಮ ವ್ಯಾಕರಣ ಪುಸ್ತಕವಾಗಿ ಈಗಾಗಲೇ ಲೇಟೆಕ್‌ನಲ್ಲಿ ಇದ್ದರೆ ಈ ದಾರಿ ಸಹಜ. ಜಾನ್ ಫ್ರಾಂಪ್ಟನ್ ಬರೆದ ಪಿಎಸ್‌ಟಿ-ಎಎಸ್‌ಆರ್ ಎಂಬ ಪ್ಯಾಕೇಜು ಈ ಚಿತ್ರಗಳಿಗೆಂದೇ ಇದೆ. ಹರಡುವಿಕೆ, ಕಡಿತ, ತೇಲುವ ಟೋನ್ ಎಲ್ಲಕ್ಕೂ ಅದರಲ್ಲಿ ಸೌಲಭ್ಯವಿದೆ. ಲೇಟೆಕ್‌ನಲ್ಲಿ ಚಿತ್ರ ಬರೆಯುವ ಸಾಮಾನ್ಯ ಪ್ಯಾಕೇಜಾದ ಟಿಕ್‌ಜ್‌ನಲ್ಲೂ ಬರೆಯಬಹುದು, ಸ್ವಲ್ಪ ಹೆಚ್ಚು ಬೆವರಿನೊಂದಿಗೆ. ಅಲ್ಲಿಂದ ಡಿವಿಐಎಸ್‌ವಿಜಿಎಂ ಎಂಬ ಸಾಧನದ ಮೂಲಕ ಎಸ್‌ವಿಜಿ ಪಡೆಯಬಹುದು. ಅಚ್ಚಿಗೂ ವೆಬ್ಬಿಗೂ ಮೂಲ ಒಂದೇ ಆಗುವುದು ದೊಡ್ಡ ಅನುಕೂಲ.

ಇಲ್ಲೊಂದು ಹೊಂಚುವ ಗುಂಡಿ ಇದೆ. ಅಕ್ಷರಗಳನ್ನು ಆಕೃತಿಗಳಾಗಿ ಮಾರ್ಪಡಿಸುವಾಗ ಆ ಸಾಧನ ಪ್ರತಿ ಆಕೃತಿಗೂ ಒಂದು ಗುರುತಿನ ಹೆಸರು ಕೊಡುತ್ತದೆ, ಪ್ರತಿ ಚಿತ್ರದಲ್ಲೂ ಅದೇ ಬಗೆಯ ಹೆಸರುಗಳು. ಇಂಥ ಹತ್ತು ಎಸ್‌ವಿಜಿಗಳನ್ನು ಒಂದೇ ಪುಟದ ಎಚ್‌ಟಿಎಂಎಲ್ ಒಳಗೆ ಸುರಿದರೆ ಹೆಸರುಗಳು ಡಿಕ್ಕಿ ಹೊಡೆದು, ಐದನೆಯ ಚಿತ್ರದಲ್ಲಿ ಮೊದಲನೆಯದರ ಅಕ್ಷರ ಬಂದು ಕೂರಬಹುದು. ಟೋನ್ ಚಿತ್ರದಲ್ಲಿ ಮೇಲ್ದನಿಯ ಜಾಗಕ್ಕೆ ಕೆಳದನಿಯ ಅಕ್ಷರ ಬಂದರೆ ಗಮನಕ್ಕೂ ಬರುವುದಿಲ್ಲ. ಪ್ರತಿ ಚಿತ್ರದ ಹೆಸರುಗಳಿಗೆ ಬೇರೆ ಬೇರೆ ಪೂರ್ವಪದ ಸೇರಿಸಿ, ಇಲ್ಲವೇ ಬೇರೆ ಕಡತವಾಗಿಟ್ಟು ಚಿತ್ರದ ಟ್ಯಾಗಿನಿಂದ ಕರೆಯಿರಿ.

ಲೇಟೆಕ್ ಬಾರದವರು ಈ ಒಂದು ಕೆಲಸಕ್ಕೆಂದು ಅದನ್ನು ಕಲಿಯಲು ಹೊರಡಬೇಡಿ.

ಬ್ರೌಸರಿನಲ್ಲೇ ಬರೆಯಿಸುವ ಸಾಧನಗಳು

ಗಣಿತಕ್ಕೆಂದು ಇರುವ ಮ್ಯಾಥ್‌ಜಾಕ್ಸ್ ಮೇಲೆ ಕೆಲವರ ಕಣ್ಣು ಬೀಳುತ್ತದೆ. ಅದರ ಸಾಮಾನ್ಯ ರೇಖಾಚಿತ್ರ ಸೌಲಭ್ಯದಲ್ಲಿ ಅಡ್ಡ ಮತ್ತು ನಿಲುಗೆರೆಗಳಷ್ಟೇ, ಓರೆಗೆರೆ ಇಲ್ಲ. ‘ಹೊವೆ’ಯ ಕವಲೇ ಬರುವುದಿಲ್ಲ ಎಂದ ಮೇಲೆ ಮಾತು ಮುಗಿಯಿತು. ಗ್ರಾಫ್‌ವಿಜ್ ಗೆರೆಗಳನ್ನು ತಾನೇ ಜೋಡಿಸುತ್ತದೆ, ಅದೇ ಅದರ ದೋಷ. ಟೋನ್‌ಗಳ ಎಡಬಲ ಕ್ರಮ ಭಾಷೆ ಕೊಟ್ಟದ್ದು, ತಂತ್ರಾಂಶ ತನ್ನ ಅಂದಕ್ಕೆ ಬದಲಿಸುವಂತಿಲ್ಲ. ಟಿಕ್‌ಜ್‌ಜಾಕ್ಸ್ ಲೇಟೆಕ್‌ನ ಒಳಗಿರುವ ಟೆಕ್ ಯಂತ್ರವನ್ನೇ ಓದುಗರ ಬ್ರೌಸರಿಗೆ ಹೊರಿಸುತ್ತದೆ.

ಬ್ರೌಸರಿನಲ್ಲಿ ಚಲಿಸುವ ಚಿತ್ರ ಬರೆಯಿಸುವ ಜಾವಾಸ್ಕ್ರಿಪ್ಟ್ ಸಾಧನ ಡಿ3 ಮಾತ್ರ ಗಂಭೀರವಾಗಿ ಪರಿಗಣಿಸಬೇಕಾದ್ದು, ಅದೂ ಒಂದೇ ಸಂದರ್ಭದಲ್ಲಿ: ಓದುಗ ಗುಂಡಿ ಒತ್ತಿದಂತೆ ನಿಯಮ ಹಂತ ಹಂತವಾಗಿ ನಡೆಯುವುದನ್ನು ತೋರಿಸಬೇಕಿದ್ದರೆ. ‘ಕುಲೊಂಬೆಜೆಜನ’ದ ಮೇಲ್ದನಿ ‘ಲೊ’ವಿನಿಂದ ಕಳಚಿ ‘ಜ’ದತ್ತ ಜರುಗುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಅದು ಮರೆಯುವುದಿಲ್ಲ. ಆದರೆ ಅಷ್ಟಕ್ಕೂ ಡಿ3 ಬೇಕಾಗಿಲ್ಲ. ಎರಡು ಮೂರು ಹಂತಗಳ ಎಸ್‌ವಿಜಿಗಳನ್ನು ಒಂದರ ಕೆಳಗೊಂದು ಇಟ್ಟರೂ ಪಾಠ ನಡೆಯುತ್ತದೆ, ಅಚ್ಚಿನಲ್ಲೂ ಉಳಿಯುತ್ತದೆ.

ಯಾವುದೇ ದಾರಿ ಹಿಡಿದರೂ ಬಿಡಬಾರದ ಎರಡು

ಒಂದು, ಮಾತಿನ ವಿವರಣೆ. ಪಿಎನ್‌ಜಿಗೆ ಬದಲಿ ಪಠ್ಯ, ಎಸ್‌ವಿಜಿಗೆ ಶೀರ್ಷಿಕೆ ಮತ್ತು ವಿವರಣೆಯ ಟ್ಯಾಗುಗಳು. ಎಸ್‌ವಿಜಿಯನ್ನು ‘ಇದು ಒಂದು ಚಿತ್ರ’ ಎಂದು ಗುರುತಿಸದಿದ್ದರೆ ಪರದೆ ಓದುವ ತಂತ್ರಾಂಶ ಬಿಡಿ ಅಕ್ಷರಗಳನ್ನು ಒಂದೊಂದಾಗಿ ಉಚ್ಚರಿಸುತ್ತಾ ಕೂರುತ್ತದೆ. ‘ಟೋನ್ ಚಿತ್ರ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಹೀಗಿರಲಿ: ‘ನೆ ಅಕ್ಷರಕ್ಕೆ ಒಂದು ಮೇಲ್ದನಿ. ಹೊ ಮತ್ತು ವೆ ಅಕ್ಷರಗಳೆರಡಕ್ಕೂ ಸೇರಿ ಇನ್ನೊಂದು ಮೇಲ್ದನಿ. ಈ ಎರಡನೆಯದು ಕೆಳದನಿಯಾಗುತ್ತದೆ.’ ಹೀಗೆ ಮೂರು ವಾಕ್ಯಗಳಲ್ಲಿ ಹೇಳಲು ಬಾರದಿದ್ದರೆ ಆ ಚಿತ್ರದಲ್ಲಿ ಎರಡು ನಿಯಮಗಳು ಒಟ್ಟಿಗೆ ತುರುಕಿಕೊಂಡಿವೆ ಎಂದು ತಿಳಿಯಿರಿ, ಬಿಡಿಸಿ ಎರಡು ಮಾಡಿ.

ಎರಡು, ಧ್ವನಿ. ಶೋನಾದ ದಿನಬಳಕೆಯ ಬರವಣಿಗೆಯಲ್ಲಿ ಟೋನ್ ಗುರುತಿಸುವುದಿಲ್ಲ. ಅದನ್ನು ಮಾತಾಡುವವರಿಗೆ ನಿಯಮ ನಾಲಿಗೆಯ ಮೇಲಿದೆ, ಚಿತ್ರ ಹೊಸದು. ನಮ್ಮಂಥ ಹೊರಗಿನವರಿಗೆ ಚಿತ್ರ ಅರ್ಥವಾಗುತ್ತದೆ, ದನಿ ಗೊತ್ತಿಲ್ಲ. ‘ಹೊವೆ’ ಮತ್ತು ‘ನೆಹೊವೆ’ ಎರಡನ್ನೂ ಭಾಷಿಕರೊಬ್ಬರಿಂದ ಹೇಳಿಸಿ, ಅನುಮತಿ ಪಡೆದು, ಚಿತ್ರದ ಪಕ್ಕದಲ್ಲೇ ಇಡಿ. ಎರಡು ಸೆಕೆಂಡಿನ ತುಣುಕು ಒಂದು ಪಿಎನ್‌ಜಿಯಷ್ಟೇ ತೂಗುತ್ತದೆ. ಧ್ವನಿ ಅಳೆಯುವ ಪ್ರಾಟ್ ತಂತ್ರಾಂಶದಿಂದ ತೆಗೆದ ದನಿಯ ಏರಿಳಿತದ ನಕ್ಷೆಯನ್ನು ಟೋನ್ ಚಿತ್ರದ ಬದಲಿಗೆ ಹಾಕುವವರಿದ್ದಾರೆ. ಎರಡೂ ಬೇರೆ ವಸ್ತುಗಳು: ನಕ್ಷೆ ಒಬ್ಬರು ಒಮ್ಮೆ ಹೇಳಿದ್ದರ ಅಳತೆ, ಚಿತ್ರ ಅದರ ಹಿಂದಿನ ವ್ಯವಸ್ಥೆಯ ಬಗ್ಗೆ ನಿಮ್ಮ ವಾದ.

ಯಾರಿಗೆ ಯಾವುದು

ಒಂದು ಪ್ರಬಂಧಕ್ಕೋ ಒಂದು ಲೇಖನಕ್ಕೋ ನಾಲ್ಕಾರು ಚಿತ್ರ ಬೇಕಾದ ವಿದ್ಯಾರ್ಥಿ ಪಿಎನ್‌ಜಿ ಮಾಡಲಿ, ಮೂಲ ಕಡತ ಉಳಿಸಿಕೊಳ್ಳಲಿ. ಸಿದ್ಧ ವೇದಿಕೆಯಲ್ಲಿ ಬ್ಲಾಗು ಬರೆಯುವವರಿಗೂ ಅದೇ. ಸಾವಿರಾರು ನಮೂದುಗಳ ನಿಘಂಟು ಕಟ್ಟುವವರು ಚಿತ್ರದ ಆಸೆ ಬಿಟ್ಟು ಗೀಟುಗಳಲ್ಲೇ ಇರಲಿ, ಫಾಂಟು ಮತ್ತು ಏಕರೂಪತೆಗೆ ಸಮಯ ಹಾಕಲಿ. ಪೂರ್ಣ ವ್ಯಾಕರಣವನ್ನು ತಮ್ಮದೇ ಪುಟಗಳಲ್ಲಿ ಇಡುವವರು, ಜೊತೆಗೆ ಕೋಡ್ ಬರೆಯುವ ಗೆಳೆಯರಿದ್ದರೆ, ಸಾಲಿಗೊಂದು ಚಿತ್ರದ ಪಟ್ಟಿ ಮಾಡಿ ಎಸ್‌ವಿಜಿ ಹೊರಡಿಸಲಿ. ಪುಸ್ತಕವೂ ಬರಲಿದ್ದರೆ ಲೇಟೆಕ್. ತರಗತಿಗೆ ಒಂದೇ ಒಂದು ನಿಯಮವನ್ನು ಮನದಟ್ಟು ಮಾಡಿಸಬೇಕಾದ ಮೇಷ್ಟ್ರು ಡಿ3 ಜೊತೆ ಒಂದು ವಾರ ಗುದ್ದಾಡಿದರೂ ನಷ್ಟವಿಲ್ಲ.

ಈಗಾಗಲೇ ಪಿಎನ್‌ಜಿಗಳಿಂದ ತುಂಬಿದ ಪುಟ ಇರುವವರು ಎಲ್ಲವನ್ನೂ ಒಂದೇ ಸಲ ಬದಲಿಸಲು ಹೋಗಬೇಡಿ. ಗೆರೆ ತೆಗೆದರೆ ವಾದ ಬೀಳುವ ಚಿತ್ರಗಳನ್ನು ಮೊದಲು ಎಸ್‌ವಿಜಿ ಮಾಡಿ, ಉಳಿದವಕ್ಕೆ ಸದ್ಯ ಒಳ್ಳೆಯ ಬದಲಿ ಪಠ್ಯ ಬರೆಯಿರಿ. ಹಳೆಯ ಚಿತ್ರ ಕಡತಗಳನ್ನು ಸರ್ವರಿನಿಂದ ಅಳಿಸಬೇಡಿ, ಬೇರೆಯವರ ಪಾಠದ ಪುಟಗಳು ಆ ವಿಳಾಸಗಳಿಗೇ ಕೊಂಡಿ ಹಾಕಿಕೊಂಡಿರಬಹುದು.